ಅರೆಸ್ಟ್ ಆಗಿ ಮುಗಿದುಹೋದ ಹಳೇ ಕೇಸಿನ ದಾಖಲೆ ತೆಗೆಸೋದು ಹೇಗೆ? (ಮಂಡ್ಯ ಜಿಲ್ಲೆ)

ನಾಲೆಬದಿ:

ತಮ್ಮನ ಮೇಲೆ 2018ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಹೊಡೆದಾಟದ ಕೇಸಾಗಿತ್ತು. ಅರೆಸ್ಟ್, ಬೇಲ್ ಎಲ್ಲ ಆಗಿ ಆಮೇಲೆ ರಾಜಿಯಲ್ಲಿ ಮುಗಿದಿದೆ. ಈಗ ಅವನು ದುಬೈನಲ್ಲಿದ್ದಾನೆ, ಅಮೆರಿಕದ ವೀಸಾಕ್ಕೆ ಹಾಕಬೇಕು. ಕನ್ಸಲ್ಟೆಂಟ್ "ಅರೆಸ್ಟ್ ರೆಕಾರ್ಡ್ ತರಿಸಿ" ಅಂತಿದ್ದಾರೆ. ಠಾಣೆಯಲ್ಲಿ ಕೇಳಿದರೆ ಕೋರ್ಟಿನಲ್ಲಿ ತಗೊಳ್ಳಿ ಅಂತಾರೆ, ಕೋರ್ಟಿನಲ್ಲಿ ಸಿಸಿ ನಂಬರ್ ಹೇಳಿ ಅಂತಾರೆ. ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ, ಆಗಿನ ವಕೀಲರು ತೀರಿಕೊಂಡಿದ್ದಾರೆ. ಯಾವ ಕಾಗದ, ಎಲ್ಲಿಂದ, ಯಾವುದು ಮೊದಲು? ಅವನ ಪರವಾಗಿ ನಾನೇ ಅರ್ಜಿ ಕೊಡಬಹುದಾ?

ಕಟ್ಟೆಪುರಾಣ:

"ಅರೆಸ್ಟ್ ರೆಕಾರ್ಡ್" ಅಂತ ಹೆಸರಿರುವ ಒಂದೇ ಕಾಗದ ನಮ್ಮಲ್ಲಿಲ್ಲ ಸರ್. ಅಮೆರಿಕದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲಿಗೆ ಒಳಗೆ ಬಿಡುವಾಗ ಬುಕಿಂಗ್ ದಾಖಲೆ ಅಂತ ಒಂದು ಆಗುತ್ತದೆ, ಕನ್ಸಲ್ಟೆಂಟ್ ತಲೆಯಲ್ಲಿರುವುದು ಅದು. ಇಲ್ಲಿ ಅದೇ ಮಾಹಿತಿ ಮೂರ್ನಾಲ್ಕು ಕಾಗದಗಳಲ್ಲಿ ಹಂಚಿಹೋಗಿರುತ್ತದೆ, ಕೇಸು ಮುಗಿದಿದ್ದರೆ ಅವೆಲ್ಲ ಕೋರ್ಟಿನ ಕಡತದಲ್ಲೇ ಸಿಗುತ್ತವೆ. ಠಾಣೆಯವರು ಕೋರ್ಟಿಗೆ ಕಳಿಸಿದ್ದು ಸರಿಯಾಗಿಯೇ ಇದೆ.

ಮೊದಲು ನಂಬರ್ ಹಿಡಿಯಿರಿ. ಠಾಣೆಯದು ಕ್ರೈಂ ನಂಬರ್, ಅಂದರೆ ಎಫ್‌ಐಆರ್ ನಂಬರ್. ಚಾರ್ಜ್‌ಶೀಟ್ ಹೋಗಿ ಮ್ಯಾಜಿಸ್ಟ್ರೇಟರು ಕಾಗ್ನಿಜೆನ್ಸ್ ತಗೊಂಡ ಮೇಲೆ (ಅಂದರೆ ಕೇಸನ್ನು ವಿಚಾರಣೆಗೆ ತಗೊಂಡ ಮೇಲೆ) ಕೋರ್ಟ್ ತನ್ನದೇ ಸಿಸಿ ನಂಬರ್ ಕೊಡುತ್ತದೆ. ಎಫ್‌ಐಆರ್ 2018ರದ್ದಾದರೂ ಸಿಸಿ ನಂಬರ್ 2019ರದ್ದಿರಬಹುದು, ಎಷ್ಟೋ ಜನ ಎಡವುವುದು ಇಲ್ಲೇ.

ಇ-ಕೋರ್ಟ್ಸ್ ವೆಬ್‌ಸೈಟ್‌ಗೆ ಹೋಗಿ ಕೇಸ್ ಸ್ಟೇಟಸ್ ತೆಗೆಯಿರಿ. ಕರ್ನಾಟಕ, ಮಂಡ್ಯ, ಶ್ರೀರಂಗಪಟ್ಟಣ ಕೋರ್ಟ್ ಸಂಕೀರ್ಣ ಆರಿಸಿ ಪಾರ್ಟಿ ಹೆಸರಿನಲ್ಲಿ ಹುಡುಕಿ. ಪೆಂಡಿಂಗ್ ಅಂತ ಆರಿಸಿದ್ದರೆ ನಿಮ್ಮ ಕೇಸು ಬರುವುದೇ ಇಲ್ಲ, ಅದು ಮುಗಿದಿದೆ; ಡಿಸ್ಪೋಸ್ಡ್ ಅಥವಾ ಬೋತ್ ಒತ್ತಿ. ವರ್ಷ 2018, 2019, 2020 ಮೂರನ್ನೂ ಹಾಕಿ ನೋಡಿ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಕೋರ್ಟ್ ಗುಮಾಸ್ತರು ಹೊಡೆದಂತೆ ಇರುತ್ತದೆ: ಗೌಡ ಅನ್ನುವುದನ್ನೇ ಎರಡು ಮೂರು ಥರ ಬರೆದಿರುತ್ತಾರೆ. ಹಾಗಾಗಿ ಪೂರ್ತಿ ಹೆಸರು ಹಾಕದೆ ಮೊದಲ ನಾಲ್ಕೈದು ಅಕ್ಷರ ಮಾತ್ರ ಕೊಡಿ. ಅವನ ಹೆಸರಲ್ಲಿ ಸಿಗದಿದ್ದರೆ ಕೇಸಿನಲ್ಲಿದ್ದ ಬೇರೆ ಆರೋಪಿಗಳ ಹೆಸರಲ್ಲೂ ನೋಡಿ, ಎಷ್ಟೋ ಸಲ ಪಟ್ಟಿಯಲ್ಲಿ ಮೊದಲ ಆರೋಪಿಯ ಹೆಸರಷ್ಟೇ ಕಾಣುತ್ತದೆ.

ಸಿಕ್ಕಿದ ಮೇಲೆ ಆ ಪುಟದಲ್ಲೇ ಠಾಣೆ, ಎಫ್‌ಐಆರ್ ನಂಬರ್, ಮುಗಿದ ದಿನಾಂಕ, ಮತ್ತು 16 ಅಕ್ಷರದ ಸಿಎನ್‌ಆರ್ ನಂಬರ್ (ಆ ಕೇಸಿಗೆ ಮಾತ್ರ ಸೇರಿದ ಗುರುತಿನ ನಂಬರ್) ಇರುತ್ತವೆ. ನಾಲ್ಕನ್ನೂ ಬರೆದಿಟ್ಟುಕೊಳ್ಳಿ.

ಬೆಲ್ಲದಚ್ಚು:

ಅಣ್ಣ, ಇಷ್ಟೆಲ್ಲ ಯಾಕೆ? ಆರ್‌ಟಿಐ ಹಾಕಿ ಬುಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನದಲ್ಲಿ ಅವ್ರೇ ಕೊಡ್ಬೇಕು.

ಹಳೇಗುಮಾಸ್ತ:

ಕೋರ್ಟ್ ಕಡತಕ್ಕೆ ಆರ್‌ಟಿಐ ನಡೆಯುವುದಿಲ್ಲ ಬೆಲ್ಲದಚ್ಚು ಅವರೇ. ನ್ಯಾಯಾಂಗ ದಾಖಲೆಯ ದೃಢೀಕೃತ ನಕಲು ಬೇಕಾದರೆ ಹೈಕೋರ್ಟ್ ಮಾಡಿರುವ ನಿಯಮದ ಪ್ರಕಾರವೇ ಅರ್ಜಿ ಕೊಡಬೇಕು, ಆರ್‌ಟಿಐ ಮೂಲಕ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಠಾಣೆಯಲ್ಲೇ ಉಳಿದಿರುವ ಕಾಗದಕ್ಕೆ ಬೇಕಾದರೆ ಹಾಕಿ. ಆಗಲೂ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಎಲ್ಲ ದಾಖಲೆ ಕೊಡಿ" ಅಂತ ಬರೆದರೆ ಹಿಂಬರಹ ಕೊಟ್ಟು ಮುಗಿಸುತ್ತಾರೆ.

ನಾಲೆಬದಿ ಅವರಿಗೆ: ಕೇಳಬೇಕಾದ ಕಾಗದಗಳು ಯಾವುವು ಅನ್ನುವುದು ಮುಖ್ಯ. ಬರೀ ಎಫ್‌ಐಆರ್ ಮತ್ತು ತೀರ್ಪು ತಂದು ಕೊಡುವವರೇ ಹೆಚ್ಚು. ಆದರೆ ಎಫ್‌ಐಆರ್ ದಾಖಲಾಗುವಾಗ ಸಾಮಾನ್ಯವಾಗಿ ಬಂಧನ ಆಗಿರುವುದಿಲ್ಲ, ಅದರಲ್ಲಿ ಅರೆಸ್ಟ್ ವಿವರ ಇರುವುದಿಲ್ಲ. ಅರೆಸ್ಟ್ ಕಾಣುವುದು ಮೂರು ಕಡೆ. ಒಂದು, ಅರೆಸ್ಟ್ ಮೆಮೊ: ಬಂಧಿಸಿದ ದಿನ, ಸಮಯ, ಜಾಗ, ಸಾಕ್ಷಿಯ ಸಹಿ, ಬಂಧಿತನ ಸಹಿ ಎಲ್ಲ ಅದರಲ್ಲಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ್ದರೆ ಇದು ರಿಮ್ಯಾಂಡ್ ಅರ್ಜಿಯ (ಪೊಲೀಸರು ಕಸ್ಟಡಿ ಕೇಳುವ ಅರ್ಜಿ) ಜೊತೆ ಕೋರ್ಟಿಗೆ ಬಂದಿರುತ್ತದೆ. ಎರಡು, ಚಾರ್ಜ್‌ಶೀಟ್ ನಮೂನೆ. ಅದರಲ್ಲಿ ಪ್ರತಿ ಆರೋಪಿಯ ವಿವರದ ಕೆಳಗೆ ಬಂಧನದ ದಿನಾಂಕ, ಬೇಲ್ ಮೇಲೆ ಬಿಟ್ಟ ದಿನಾಂಕ, ಕೋರ್ಟಿಗೆ ಕಳಿಸಿದ ದಿನಾಂಕ ಅಂತ ಪ್ರತ್ಯೇಕ ಕಾಲಂಗಳಿವೆ. ಮೆಮೊ ಕಡತದಲ್ಲಿ ಇಲ್ಲದಿದ್ದರೆ ಈ ಪುಟವೇ ನಿಮ್ಮ ಅರೆಸ್ಟ್ ರೆಕಾರ್ಡ್. ಮೂರು, ಆರ್ಡರ್ ಶೀಟ್. ಹಾಜರುಪಡಿಸಿದ್ದು, ಕಸ್ಟಡಿಗೆ ಕಳಿಸಿದ್ದು, ಬೇಲ್ ಕೊಟ್ಟಿದ್ದು, ಕೊನೆಗೆ ಕೇಸು ಮುಗಿದದ್ದು ಎಲ್ಲವೂ ದಿನಾಂಕವಾರು ಅದರಲ್ಲಿರುತ್ತದೆ. ಒಂದೇ ಕಾಗದಕ್ಕೆ ಅವಕಾಶ ಅಂದರೆ ನಾನು ಆರ್ಡರ್ ಶೀಟನ್ನೇ ತೆಗೆಸುತ್ತೇನೆ.

ಅಂದರೆ ಅರ್ಜಿಯಲ್ಲಿ ಹೀಗೆ ಬರೆಯಿರಿ: ಎಫ್‌ಐಆರ್ ಮತ್ತು ದೂರು, ಅರೆಸ್ಟ್ ಮೆಮೊ, ರಿಮ್ಯಾಂಡ್ ಅರ್ಜಿ, ಬೇಲ್ ಆದೇಶ, ಚಾರ್ಜ್‌ಶೀಟ್, ಪೂರ್ತಿ ಆರ್ಡರ್ ಶೀಟ್, ತೀರ್ಪು. ಮಹಜರು, ಸಾಕ್ಷಿ ಹೇಳಿಕೆ, ಗಾಯದ ಸರ್ಟಿಫಿಕೇಟ್ ವೀಸಾಕ್ಕೆ ಬೇಡ. ಪುಟದ ಲೆಕ್ಕದಲ್ಲಿ ದುಡ್ಡು, ಬೇಡದ್ದು ಸೇರಿಸಬೇಡಿ.

ಅರ್ಜಿ ಹೋಗುವುದು ಕೋರ್ಟಿನ ನಕಲು ವಿಭಾಗಕ್ಕೆ. ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ ಅರ್ಜಿಯಲ್ಲಿ ಸಿಸಿ ನಂಬರ್, ಪಕ್ಷಕಾರರ ಹೆಸರು, ಮುಗಿದ ದಿನಾಂಕ, ಅರ್ಜಿದಾರ ಎಷ್ಟನೇ ಆರೋಪಿ, ಸಾಧಾರಣ ನಕಲೋ ತುರ್ತು ನಕಲೋ ಇಷ್ಟೂ ಇರಬೇಕು. ಮುಗಿದ ದಿನಾಂಕ ಬರೆಯದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ: ರೆಕಾರ್ಡ್ ರೂಮಿನಲ್ಲಿ ಕಟ್ಟುಗಳನ್ನು ಇಡುವುದೇ ಮುಗಿದ ಲೆಕ್ಕದಲ್ಲಿ. ಕಡತ ಮೇಲೆ ಬಂದ ಮೇಲೆ ಪುಟ ಎಣಿಸಿ ಎಷ್ಟು ಕಟ್ಟಬೇಕು ಅಂತ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಫೋನ್ ಬರುತ್ತದೆ ಅಂತ ಕಾಯಬೇಡಿ. ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ವಜಾ ಆಗುತ್ತದೆ, ಮತ್ತೆ ಮೊದಲಿಂದ.

ನಕಲು ಕೈಗೆ ಬಂದ ಕೂಡಲೇ ಅಲ್ಲೇ ನಿಂತು ನೋಡಿ: ಪ್ರತಿ ಪುಟಕ್ಕೂ ಸೀಲು ಬಿದ್ದಿದೆಯಾ, ಕೊನೇ ಪುಟದಲ್ಲಿ ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ, ಕೊಟ್ಟ ದಿನ ಮೂರೂ ತುಂಬಿ ಸಹಿ ಆಗಿದೆಯಾ. ಖಾಲಿ ಬಿಟ್ಟಿದ್ದರೆ ಆಗಲೇ ತುಂಬಿಸಿ.

ನೀವೇ ಕೊಡಬಹುದಾ ಅಂದರೆ, ಅಣ್ಣನಾದರೂ ಆ ಕೇಸಿಗೆ ನೀವು ಮೂರನೆಯವರು. ಕಾರಣ ಹೇಳಿ ಅಫಿಡವಿಟ್ ಹಾಕಿ ಕೇಳಬಹುದು, ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಅದಕ್ಕಿಂತ ಶ್ರೀರಂಗಪಟ್ಟಣದಲ್ಲೇ ಪ್ರಾಕ್ಟೀಸ್ ಮಾಡುವ ಒಬ್ಬ ವಕೀಲರಿಗೆ ವಕಾಲತ್ತು ಕೊಡಿಸಿ. ತಮ್ಮ ದುಬೈನಲ್ಲಿ ಸಹಿ ಹಾಕಿ ಮೂಲ ಪ್ರತಿಯನ್ನು ಕೊರಿಯರ್ ಮಾಡಲಿ, ಸ್ಕ್ಯಾನ್ ನಂಬಿಕೊಳ್ಳಬೇಡಿ. ಮೈಸೂರಿನಿಂದ ವಕೀಲರನ್ನು ಕರೆದುಕೊಂಡು ಹೋದರೆ ನೋಟಿಸ್ ಬೋರ್ಡ್ ದಿನಾ ನೋಡುವವರು ಯಾರು?

ನಾಲೆಬದಿ:

ಸಿಕ್ಕಿತು ಸರ್. ಎರಡನೇ ಆರೋಪಿಯ ಹೆಸರಲ್ಲಿ ಹುಡುಕಿದಾಗ ಬಂತು. ಐಪಿಸಿ ಸೆಕ್ಷನ್ 323, 324, 504, 506, 34. ಆದರೆ ಮನೆಯಲ್ಲಿ ಎಲ್ಲರೂ ರಾಜಿ ಅಂತಿದ್ದರು, ಇಲ್ಲಿ ಅಕ್ವಿಟೆಡ್ ಅಂತಿದೆ. ವೀಸಾ ಫಾರಂನಲ್ಲಿ ಏನು ಬರೆಯೋದು?

ಹಳೇಗುಮಾಸ್ತ:

324 (ಅಪಾಯಕಾರಿ ಆಯುಧದಿಂದ ಗಾಯ) ಇದ್ದ ಮೇಲೆ ಅದು ಕಾಗದದಲ್ಲಿ ರಾಜಿ ಆಗಿರಲು ಸಾಧ್ಯವಿಲ್ಲ. 324 ಅನ್ನು ರಾಜಿಯಾಗುವ ಅಪರಾಧಗಳ ಪಟ್ಟಿಯಿಂದ 2009ರ ಡಿಸೆಂಬರ್ 31ರಿಂದಲೇ ತೆಗೆದಿದ್ದಾರೆ. ಊರಲ್ಲಿ ಎರಡೂ ಕಡೆಯವರು ಕೂತು ಮಾತಾಡಿಕೊಂಡಿರುತ್ತಾರೆ, ಕೋರ್ಟಿನಲ್ಲಿ ದೂರುದಾರರೂ ಸಾಕ್ಷಿಗಳೂ "ನನಗೇನೂ ಗೊತ್ತಿಲ್ಲ" ಅಂತ ಹೇಳಿ ಪ್ರತಿಕೂಲ ಸಾಕ್ಷಿಗಳಾಗಿರುತ್ತಾರೆ, ಸಿಆರ್‌ಪಿಸಿ (ಆಗಿನ ಅಪರಾಧ ಪ್ರಕ್ರಿಯಾ ಸಂಹಿತೆ) 248(1)ರಲ್ಲಿ ಖುಲಾಸೆ. ಮನೆಯವರ ಪಾಲಿಗೆ ಅದೇ ರಾಜಿ. ಹಾಗಾದರೆ ತೀರ್ಪು ಅಂತ ಪ್ರತ್ಯೇಕ ಕಾಗದ ಇದ್ದೇ ಇರುತ್ತದೆ, ಅದನ್ನು ಬಿಡಬೇಡಿ. 323 (ಸಾಧಾರಣ ಹಲ್ಲೆ) ಅಥವಾ 506 (ಬೆದರಿಕೆ) ಮಾತ್ರ ಇದ್ದು ನಿಜವಾಗಿ ರಾಜಿಯಾಗಿದ್ದರೆ ಸಿಆರ್‌ಪಿಸಿ 320ರ ಅಡಿ ಆಗಿರುತ್ತಿತ್ತು. ಅದಕ್ಕೂ ಖುಲಾಸೆಯ ಪರಿಣಾಮವೇ, ಆದರೆ ದೊಡ್ಡ ತೀರ್ಪು ಸಿಗುವುದಿಲ್ಲ, ಆರ್ಡರ್ ಶೀಟಿನ ಕೊನೇ ಪುಟದಲ್ಲೇ ಮುಗಿದಿರುತ್ತದೆ.

ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ಫಾರಂ ಕೇಳುವುದು ಶಿಕ್ಷೆ ಆಯಿತಾ ಅಂತ ಮಾತ್ರವಲ್ಲ, ಎಂದಾದರೂ ಬಂಧನ ಆಗಿತ್ತಾ ಅಂತಲೂ ಕೇಳುತ್ತದೆ. ಖುಲಾಸೆಯಾದರೂ ಉತ್ತರ "ಹೌದು", ಕೆಳಗೆ ವಿವರ. ಠಾಣೆಯಲ್ಲೇ ಬೇಲ್ ಕೊಟ್ಟು ಅದೇ ದಿನ ಬಿಟ್ಟಿದ್ದರೂ ಅರೆಸ್ಟ್ ಅರೆಸ್ಟೇ. ನೋಟಿಸ್ ಕೊಟ್ಟು ಕರೆಸಿ ಹೇಳಿಕೆ ಪಡೆದು ಕಳಿಸಿದ್ದರೆ (ಆಗ ಸಿಆರ್‌ಪಿಸಿ 41ಎ, ಈಗ ಅದರ ಬದಲು ಬಂದಿರುವ ಬಿಎನ್‌ಎಸ್‌ಎಸ್‌ನ 35) ಅದು ಬಂಧನವಲ್ಲ. ನಿಮ್ಮ ತಮ್ಮನದು ಯಾವುದು ಅಂತ ಚಾರ್ಜ್‌ಶೀಟಿನ ಆ ಕಾಲಂ ನೋಡಿಯೇ ಬರೆಯಿರಿ, ನೆನಪಿನ ಮೇಲೆ ಬರೆಯಬೇಡಿ.

ಕಟ್ಟೆಪುರಾಣ:

ಸೇರಿಸುವುದು ಇಷ್ಟು. ಎಫ್‌ಐಆರ್‌ನ ಸಾದಾ ಪ್ರತಿ ರಾಜ್ಯ ಪೊಲೀಸ್ ವೆಬ್‌ಸೈಟ್‌ನಲ್ಲಿ ಜಿಲ್ಲೆ, ಠಾಣೆ, ನಂಬರ್, ವರ್ಷ ಹಾಕಿ ನೋಡಬಹುದು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶ ಮಾಡಿದೆ. ಲೈಂಗಿಕ ಅಪರಾಧ, ಪೋಕ್ಸೊದಂಥವನ್ನು ಹಾಕುವುದಿಲ್ಲ. ಆ ಪ್ರತಿ ಓದಿಕೊಳ್ಳಲು ಸರಿ, ಕಾನ್ಸುಲೇಟಿಗೆ ಸೀಲಿರುವುದೇ ಕೊಡಿ.

ಮೈಸೂರಿನ ಕಡೆಯವರು ಇದನ್ನು ಓದುತ್ತಿದ್ದರೆ: ಅಲ್ಲಿ ಎರಡು ಘಟಕ. ದೇವರಾಜ, ನಜರ್‌ಬಾದ್, ಕುವೆಂಪುನಗರ ಇವೆಲ್ಲ ನಗರ ಪೊಲೀಸ್ ಕಮಿಷನರ್ ಕೆಳಗೆ. ವರುಣಾ, ಜಯಪುರ, ನಂಜನಗೂಡು, ಹುಣಸೂರು ಜಿಲ್ಲಾ ಎಸ್‌ಪಿ ಕೆಳಗೆ. ವೆಬ್‌ಸೈಟಿನಲ್ಲಿ ಜಿಲ್ಲೆ ತಪ್ಪು ಆರಿಸಿದರೆ ಠಾಣೆಯ ಹೆಸರೇ ಕಾಣುವುದಿಲ್ಲ, ಜನ "ಎಫ್‌ಐಆರ್ ಡಿಲೀಟ್ ಮಾಡಿದ್ದಾರೆ" ಅಂತ ಕೂಗಾಡುತ್ತಾರೆ.

ಸರಸ್ವತಿಪುರಂ ಮನೆ:

ವಿಷಯಕ್ಕೆ ಸ್ವಲ್ಪ ಹೊರಗೆ, ಕ್ಷಮಿಸಿ. ಅಕ್ಕನ ಮಗನದು ಉಲ್ಟಾ ಕೇಸು. ಟೆಕ್ಸಾಸ್‌ನ ಒಂದು ಕೌಂಟಿಯಲ್ಲಿ ಅರೆಸ್ಟ್ ಆಗಿ ಕೇಸು ಡಿಸ್ಮಿಸ್ ಆಗಿದೆ. ಮೈಸೂರಿಗೆ ಬಂದಿದ್ದಾನೆ, ವೀಸಾ ಸ್ಟಾಂಪಿಂಗ್‌ಗೆ ದಾಖಲೆ ಬೇಕು. ಇಲ್ಲಿಂದಲೇ ತರಿಸಬಹುದಾ?

ದಸರಾಗೊಂಬೆ:

ತರಿಸಬಹುದು ಮೇಡಂ. ಅಲ್ಲೂ ಎರಡು ಕಡೆ ಕೇಳಬೇಕು. ಅರೆಸ್ಟ್ ರಿಪೋರ್ಟ್ ಇರುವುದು ಹಿಡಿದ ಇಲಾಖೆಯ ರೆಕಾರ್ಡ್ಸ್ ವಿಭಾಗದಲ್ಲಿ. ಜೈಲು ಕೌಂಟಿ ಶೆರಿಫರದ್ದಾದರೂ (ಕೌಂಟಿಯ ಪೊಲೀಸ್ ಮುಖ್ಯಸ್ಥರು) ಹಿಡಿದವರು ಊರಿನ ಸಿಟಿ ಪೊಲೀಸರಾಗಿದ್ದರೆ ರಿಪೋರ್ಟ್ ಅವರ ಹತ್ತಿರ, ಶೆರಿಫರ ಹತ್ತಿರ ಬುಕಿಂಗ್ ದಾಖಲೆ ಮಾತ್ರ. ಟೆಕ್ಸಾಸ್ ಪಬ್ಲಿಕ್ ಇನ್ಫರ್ಮೇಶನ್ ಆಕ್ಟ್ ಪ್ರಕಾರ ಬರವಣಿಗೆಯಲ್ಲಿ ಕೇಳಿದರೆ ಸಾಕು. ಬಂಧನದ ಮೂಲ ಮಾಹಿತಿಯನ್ನು ಮುಚ್ಚಿಡುವಂತಿಲ್ಲ. ಉಳಿದದ್ದನ್ನು ಕೊಡಲು ಇಷ್ಟವಿಲ್ಲದಿದ್ದರೆ 10 ಕೆಲಸದ ದಿನದೊಳಗೆ ಅವರು ರಾಜ್ಯದ ಅಟಾರ್ನಿ ಜನರಲ್ ಅಭಿಪ್ರಾಯ ಕೇಳಬೇಕು. ಹೆಸರು, ಹುಟ್ಟಿದ ದಿನಾಂಕ, ಬಂಧನದ ದಿನ, ಬುಕಿಂಗ್ ನಂಬರ್ ಇದ್ದರೆ ಅದನ್ನೂ ಬರೆಯಲಿ.

ಕಾನ್ಸುಲೇಟಿಗೆ ನಿಜವಾಗಿ ಬೇಕಾಗಿರುವುದು ಕೋರ್ಟಿನ ಡಿಸ್ಪೊಸಿಷನ್, ಅಂದರೆ ಕೇಸು ಹೇಗೆ ಮುಗಿಯಿತು ಅನ್ನುವ ಕಾಗದ, ಸರ್ಟಿಫೈಡ್ ಕಾಪಿ. ದೊಡ್ಡ ಅಪರಾಧವಾದರೆ ಡಿಸ್ಟ್ರಿಕ್ಟ್ ಕ್ಲರ್ಕ್, ಸಣ್ಣದಾದರೆ ಸಾಮಾನ್ಯವಾಗಿ ಕೌಂಟಿ ಕ್ಲರ್ಕ್, ಬರೀ ದಂಡದ ಕೇಸಾದರೆ ಮುನಿಸಿಪಲ್ ಅಥವಾ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟ್. ಕೆಲವು ಕೌಂಟಿಗಳಲ್ಲಿ ಮೊದಲೆರಡನ್ನೂ ಒಬ್ಬರೇ ನೋಡುತ್ತಾರೆ, ವೆಬ್‌ಸೈಟಿನಲ್ಲಿ ಕಾಸ್ ನಂಬರ್ (ಅಲ್ಲಿನ ಕೋರ್ಟಿನ ಕೇಸ್ ನಂಬರ್) ಹಾಕಿದರೆ ಗೊತ್ತಾಗುತ್ತದೆ. ದುಡ್ಡು ತಗೊಂಡು ಫೋಟೊ ಸಮೇತ ತೋರಿಸುವ ಖಾಸಗಿ ಸೈಟ್‌ಗಳ ಪ್ರಿಂಟ್ ಯಾವ ಕೆಲಸಕ್ಕೂ ಬರುವುದಿಲ್ಲ.

ಒಂದು ಎಚ್ಚರ. ಡಿಸ್ಮಿಸ್ ಆದವರಿಗೆ ಅಲ್ಲಿನ ವಕೀಲರು ಎಕ್ಸ್‌ಪಂಕ್ಷನ್ ಮಾಡಿಸೋಣ ಅನ್ನುತ್ತಾರೆ, ಅಂದರೆ ದಾಖಲೆಯನ್ನೇ ಅಳಿಸಿಹಾಕುವುದು. ವೀಸಾ ಫಾರಂಗೆ ಅದು ಲೆಕ್ಕಕ್ಕಿಲ್ಲ, ಪ್ರಶ್ನೆ ಹಾಗೇ ಇರುತ್ತದೆ, ತೋರಿಸಲು ಕಾಗದ ಇರುವುದಿಲ್ಲ. ಸರ್ಟಿಫೈಡ್ ಕಾಪಿ ಎರಡು ಸೆಟ್ ತೆಗೆದಿಟ್ಟುಕೊಂಡ ಮೇಲೆ ಅದಕ್ಕೆ ಕೈ ಹಾಕಲಿ.

ನಾಲೆಬದಿ:

ಕೊನೇ ಪ್ರಶ್ನೆ. ಕಡತ ನಾಶ ಮಾಡಿದ್ದಾರೆ ಅಂದರೆ? ಮತ್ತೆ ಎಲ್ಲ ಕನ್ನಡದಲ್ಲೇ ಇರುತ್ತಲ್ಲ?

ಹಳೇಗುಮಾಸ್ತ:

ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಅರ್ಜಿಯ ಮೇಲೆಯೇ "ದಾಖಲೆ ಲಭ್ಯವಿಲ್ಲ" ಅಂತ ಹಿಂಬರಹ ಬರೆಸಿ, ಸೀಲು ಹಾಕಿಸಿ. ಅದರ ಜೊತೆ ಇ-ಕೋರ್ಟ್ಸ್ ಪುಟದ ಪ್ರಿಂಟ್ ಇಟ್ಟರೆ ಕೇಸು ಇದ್ದದ್ದಕ್ಕೂ ಮುಗಿದದ್ದಕ್ಕೂ ಆಧಾರ ಆಗುತ್ತದೆ. ಕಡತ ಹೋಗಿದ್ದರೂ ತೀರ್ಪನ್ನು ಬೇರೆಯಾಗಿ ಉಳಿಸಿರುವ ಸಾಧ್ಯತೆ ಉಂಟು, ಅದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಿ.

ಕನ್ನಡ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಕರು "ಎರಡೂ ಭಾಷೆ ಬಲ್ಲೆ, ಇದು ಸರಿಯಾದ ಅನುವಾದ" ಅಂತ ಬರೆದು ಸಹಿ, ವಿಳಾಸ, ದಿನಾಂಕ ಹಾಕಬೇಕು. ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಚಾರ್ಜ್‌ಶೀಟಿನಲ್ಲಿ ತಂದೆಯ ಹೆಸರೋ ವಯಸ್ಸೋ ತಪ್ಪಿದ್ದರೆ ಅನುವಾದದಲ್ಲಿ ತಿದ್ದಿಸಬೇಡಿ, ಹಾಗೇ ಬಿಟ್ಟು ಬೇರೆ ಅಫಿಡವಿಟ್ ಮಾಡಿಸಿ.