ಗದ್ಯಭಾಗದ ಪ್ರಶ್ನೆ: ‘ಎಲ್ಲ’, ‘ಮಾತ್ರ’ ಇರುವ ಉತ್ತರ ಬಿಟ್ಟೇಬಿಡಬೇಕಾ?

ಕಾರವಾರದ ಓದುಗಿ
ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೇನೆ. ಗದ್ಯಭಾಗದ ಪ್ರಶ್ನೆಗಳಲ್ಲೇ ನನ್ನ ಅಂಕ ಹೋಗುತ್ತಿದೆ. ‘ಎಲ್ಲ, ಮಾತ್ರ, ಯಾವುದೂ, ಎಂದಿಗೂ ಅಂತ ಬಂದರೆ ಆ ಆಯ್ಕೆ ಹೊಡೆದು ಹಾಕಿ’ ಅಂತ ಕೋಚಿಂಗ್‌ನಲ್ಲಿ ಹೇಳಿದ್ದರು. ನಿನ್ನೆಯ ಪ್ಯಾರಾದಲ್ಲಿ ‘ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ನಾಡದೋಣಿಗಳಿಗೆ ಈ ನಿಷೇಧವಿಲ್ಲ’ ಅಂತಿತ್ತು. ‘ಯಾವ ಯಾಂತ್ರೀಕೃತ ದೋಣಿಗೂ ಅವಕಾಶವಿಲ್ಲ’ ಅನ್ನುವುದನ್ನು ಹೊಡೆದು ಹಾಕಿ, ‘ಆಗ ಮೀನುಗಾರಿಕೆ ಪೂರ್ತಿ ನಿಂತಿರುತ್ತದೆ’ ಅನ್ನುವುದನ್ನು ಆರಿಸಿದೆ. ತಪ್ಪು! ನಮ್ಮ ಮನೆ ಬೈತಖೋಲ ಬಂದರಿನ ಹತ್ತಿರ. ಜೂನ್ ಬಂತೆಂದರೆ ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಹಾಗಾಗಿ ಅದೇ ಸರಿ ಅನ್ನಿಸಿತು.

ಶಿರಸಿಯಿಂದ
ತಂಗಿ, ನಾನು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ, ಈ ತಪ್ಪು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ‘ಯಾವ… ಗೂ’ ಅನ್ನುವುದು ಬಿರುಸಾದ ಮಾತು, ನಿಜ. ಆದರೆ ಪ್ಯಾರಾ ಕೂಡ ಅಷ್ಟೇ ಬಿರುಸಾಗಿ ಹೇಳಿದೆ ಅಲ್ವಾ? ಯಾಂತ್ರೀಕೃತ ದೋಣಿ ಅಂದರೆ ಎಲ್ಲವೂ ಬಂತು, ಒಂದನ್ನೂ ಬಿಟ್ಟಿಲ್ಲ. ‘ಪೂರ್ತಿ’ ನಿನ್ನ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಅದೇ ನಾಡದೋಣಿಗಳನ್ನು ನುಂಗಿ ಹಾಕಿತು. ಪದದ ಪಟ್ಟಿ ಬಾಯಿಪಾಠ ಮಾಡಬೇಡ. ಆಯ್ಕೆಯಲ್ಲಿ ಬಿರುಸಾದ ಪದ ಕಂಡ ಕೂಡಲೇ ಪ್ಯಾರಾಕ್ಕೆ ವಾಪಸ್ ಹೋಗಿ ಆ ಒಂದು ಸಾಲು ಮತ್ತೆ ಓದು. ಬಂದರಿನಲ್ಲಿ ನೋಡಿದ್ದನ್ನು ಆಗ ಪಕ್ಕಕ್ಕಿಡು, ಉತ್ತರ ಇರುವುದು ಪ್ಯಾರಾದಲ್ಲಿ.

ಕುಮಟಾದ ಹುಡುಗ
ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ, ಯಾಕೆಂದರೆ ಇದರಲ್ಲಿ ನಾನು ಜಾಸ್ತಿ ಕಳೆದುಕೊಂಡಿದ್ದೇನೆ. ಕನ್ನಡದಲ್ಲಿ ‘ಮಾತ್ರ’ ಅಂತ ಬರೆಯಲೇಬೇಕಿಲ್ಲ, ಕೊನೆಗೆ ಒಂದು ‘ಏ’ ಸಾಕು. ‘ಗಜನಿ ಗದ್ದೆಯ ಉಪ್ಪು ನೀರನ್ನು ಕಗ್ಗ ಭತ್ತ ತಡೆದುಕೊಳ್ಳುತ್ತದೆ’ ಅಂತ ಪ್ಯಾರಾದಲ್ಲಿ ಇದ್ದರೆ, ‘ಉಪ್ಪು ನೀರು ತಡೆದುಕೊಳ್ಳುವುದು ಕಗ್ಗವೇ’ ಅಂತ ಆಯ್ಕೆ ಕೊಡುತ್ತಾರೆ. ಬೇರೆ ಯಾವ ಭತ್ತವೂ ತಡೆಯುವುದಿಲ್ಲ ಅಂದ ಹಾಗಾಯಿತು, ಪ್ಯಾರಾ ಅದನ್ನು ಹೇಳಲೇ ಇಲ್ಲ. ‘ಇದೂ ಕಾರಣ’, ‘ಇದೇ ಕಾರಣ’ ಕೂಡ ಹಾಗೆಯೇ. ಅವಸರದಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ನಾನು ಪ್ರಶ್ನೆಪತ್ರಿಕೆಯಲ್ಲಿ ಆ ‘ಏ’ಗೆ ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ.

ಅಂಕೋಲಾ
ಮೆತ್ತಗಿನ ಪದ ನೋಡಿ ನಂಬುವುದೂ ಬೇಡ. ‘ಸಾಮಾನ್ಯವಾಗಿ’, ‘ಹೆಚ್ಚಾಗಿ’ ಅಂದ ಮಾತ್ರಕ್ಕೆ ಸರಿ ಆಗುವುದಿಲ್ಲ. ಶಿರಸಿ ಮಾರಿ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಂತ ಪ್ಯಾರಾದಲ್ಲಿದ್ದರೆ, ‘ಸಾಮಾನ್ಯವಾಗಿ ಪ್ರತಿ ವರ್ಷ’ ಅನ್ನುವ ಆಯ್ಕೆ ತಪ್ಪೇ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ, ಹಾಗಾಗಿ ಸುಮ್ನೆ ಊಹಿಸಿ ಗುರುತು ಹಾಕಬೇಡಿ.

ಕಾರವಾರದ ಓದುಗಿ
ಇವತ್ತು ಇನ್ನೊಂದು ಪ್ಯಾರಾ ಮಾಡಿದೆ, ‘ಏ’ ಎರಡು ಕಡೆ ಸಿಕ್ಕಿತು! ಇನ್ನೊಂದು ಕೇಳಲಾ? ಪ್ಯಾರಾದಲ್ಲಿ ‘ಬಹುತೇಕ ರೈತರು’ ಅಂತಿದ್ದು ಆಯ್ಕೆಯಲ್ಲಿ ‘ಹಲವು ರೈತರು’ ಅಂತಿದ್ದರೆ?

ಶಿರಸಿಯಿಂದ
ಹಿಡಿಯಬಹುದು, ಅದಕ್ಕಿಂತ ಹತ್ತಿರದ್ದು ಇಲ್ಲದಿದ್ದರೆ. ಬಹುತೇಕರು ಅಂದ ಮೇಲೆ ಹಲವರು ಅದರೊಳಗೆ ಬಂದೇ ಬಂದರು. ಉಲ್ಟಾ ಇದ್ದರೆ ಬಿಡು.