ಪದಚರ್ಚೆ: ‘ಕ್ರಿಟಿಕಲ್ ಹ್ಯಾಬಿಟಾಟ್’, ‘ಸೀಡ್ ಬ್ಯಾಂಕ್’ ಮತ್ತು ನೆವಾಡಾದ ಒಂದು ಹೂಗಿಡ

ಪ್ರಶ್ನೆ:

ಅಮೆರಿಕದ ನೆವಾಡಾ ರಾಜ್ಯದ ಎಸ್ಮೆರಾಲ್ಡಾ ಕೌಂಟಿಯಲ್ಲಿ, ಸಿಲ್ವರ್ ಪೀಕ್ ಬೆಟ್ಟಸಾಲಿನ ರಯೋಲೈಟ್ ರಿಡ್ಜ್ ಎಂಬಲ್ಲಿ ಮಾತ್ರ ಬೆಳೆಯುವ ಎರಿಯೋಗೋನಮ್ ಟೀಮಿಯೈ ಗಿಡದ ಬಗ್ಗೆ ಕನ್ನಡದಲ್ಲೊಂದು ಲೇಖನ ಸಿದ್ಧವಾಗುತ್ತಿದೆ. ಕರಡಿನ ಎರಡು ವಾಕ್ಯ ಹೀಗಿವೆ: ‘2020ರಲ್ಲಿ ಮರಳುಗಾಡಿನ ಈ ಸ್ಥಳೀಯ ಕಾಡುಗೋಧಿಯ ಸಾವಿರಾರು ಗಿಡಗಳನ್ನು ಕಿತ್ತುಹಾಕಲಾಯಿತು. 2022ರಲ್ಲಿ ಸರ್ಕಾರ 910 ಎಕರೆಯನ್ನು ನಿಷೇಧಿತ ವಲಯವೆಂದು ಸಾರಿತು.’ ಇವು ಸರಿಯೇ? ‘ಸೀಡ್ ಬ್ಯಾಂಕ್’ಗೆ ‘ಬೀಜ ಬ್ಯಾಂಕ್’ ಎಂದರೆ ಸಾಕೇ?

ಉತ್ತರ 1:

ಎರಡೇ ವಾಕ್ಯದಲ್ಲಿ ಐದು ಕಡೆ ಜಾರಿದೆ.

‘ಕಾಡುಗೋಧಿ’ ಬೇಡ. ಈ ಗಿಡದ ಇಂಗ್ಲಿಷ್ ಹೆಸರಾದ ‘ಟೀಮ್ಸ್ ಬಕ್‌ವೀಟ್’ನಲ್ಲಿ ‘ವೀಟ್’ (ಗೋಧಿ) ಇದ್ದರೂ ಬಕ್‌ವೀಟ್ ಗೋಧಿಯಲ್ಲ, ಹುಲ್ಲಿನ ಕುಟುಂಬದ್ದೂ ಅಲ್ಲ. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ಕುಟ್ಟು ಬಕ್‌ವೀಟ್ ಕುಟುಂಬದ್ದು. ಎರಿಯೋಗೋನಮ್ ಅದರ ದೂರದ ನಂಟ. ನೆಲಕ್ಕೆ ಒತ್ತಿಕೊಂಡು ಹಬ್ಬುವ ಬಹುವಾರ್ಷಿಕ ಗಿಡ, ಎಲೆ ಬೂದುಹಸಿರು; ಎಲೆಯಿಲ್ಲದ ಕಡ್ಡಿಯ ತುದಿಯಲ್ಲಿ ತಿಳಿಹಳದಿ ಹೂವಿನ ಉಂಡೆ. ‘ಪೊದೆ’ ಎಂದರೂ ತಪ್ಪು ಚಿತ್ರ ಮೂಡುತ್ತದೆ. ಹೆಸರನ್ನು ‘ಟೀಮ್ಸ್ ಬಕ್‌ವೀಟ್’ ಎಂದೇ ಇಡಿ. 1983ರಲ್ಲಿ ಇದನ್ನು ಮೊದಲು ಗುರುತಿಸಿದ ಸಸ್ಯಶಾಸ್ತ್ರಜ್ಞ ಆರ್ನಲ್ಡ್ ಟೀಮ್ ಅವರ ಹೆಸರದು. ಇಂಗ್ಲಿಷ್ ಅಕ್ಷರ ನೋಡಿ ‘ಟೈಹಮ್’ ಎಂದು ಬರೆಯುವವರಿದ್ದಾರೆ, ಅದನ್ನು ತಿದ್ದಿ.

‘ಮರಳುಗಾಡು’ ಕೂಡ ಸಲ್ಲದು. ಅಲ್ಲಿ ಮರಳಿನ ದಿಬ್ಬಗಳಿಲ್ಲ. ಸುಮಾರು 1,800ರಿಂದ 1,900 ಮೀಟರ್ ಎತ್ತರದ ಒಣ ಇಳಿಜಾರು, ಚಳಿಗಾಲದಲ್ಲಿ ಹಿಮ ಬೀಳುವ ಜಾಗ. ಮಣ್ಣು ಜೇಡಿಯದು, ಅದರಲ್ಲಿ ಬೋರಾನ್ ಮತ್ತು ಲಿಥಿಯಂ ಹೇರಳ. ಬೇರೆ ಗಿಡಗಳು ಹಿಂಜರಿಯುವ ಆ ಮಣ್ಣೇ ಇದರ ನೆಲೆ, ಅಲ್ಲಿ ಲಿಥಿಯಂ-ಬೋರಾನ್ ಗಣಿ ತೆಗೆಯಲು ಹೊರಟ ಕಂಪನಿಗೆ ಬೇಕಾದದ್ದೂ ಅದೇ. ‘ಮರುಭೂಮಿ’ ಎಂದರೆ ನೀರಿನ ಕೊರತೆಯಷ್ಟೇ ಸೂಚಿತವಾಗುತ್ತದೆ, ಅದು ಸಾಕು.

‘ಸ್ಥಳೀಯ’ ಎಂದರೆ ಆ ಊರಿನದು ಎಂದಷ್ಟೇ. ನೂರು ಊರಲ್ಲಿರುವ ಗಿಡವೂ ಪ್ರತಿ ಊರಿಗೂ ಸ್ಥಳೀಯವೇ. ಹೇಳಬೇಕಾದದ್ದು ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂಬುದು. ಕೆಲವರು ‘ಏಕದೇಶೀಯ’ ಎನ್ನುತ್ತಾರೆ, ಆದರೆ ಆ ಪದಕ್ಕೆ ‘ಒಂದು ಭಾಗಕ್ಕಷ್ಟೇ ಸಂಬಂಧಿಸಿದ’ ಎಂಬ ಅರ್ಥ ಮೊದಲೇ ಅಂಟಿಕೊಂಡಿದೆ. ‘ಎಂಡೆಮಿಕ್’ ಎಂದು ಬರೆದು ಮುಂದಿನ ವಾಕ್ಯದಲ್ಲೇ ಬಿಡಿಸಿ ಹೇಳಿ: ಗಿಡಗಳು ನಿಂತಿರುವ ನೆಲವನ್ನೆಲ್ಲ ಕೂಡಿದರೆ ಸುಮಾರು 10 ಎಕರೆ, ನಮ್ಮ ಲೆಕ್ಕದಲ್ಲಿ 400 ಗುಂಟೆ. ಅದೂ ಒಂದೇ ತುಂಡಲ್ಲ, ಎಂಟು ಗುಂಪು. ಗುಂಪಿಗೆ ಇಂಗ್ಲಿಷಿನಲ್ಲಿ ‘ಪಾಪ್ಯುಲೇಶನ್’ ಎನ್ನುತ್ತಾರೆಂದು ‘ಜನಸಂಖ್ಯೆ’ ಎಂದು ಮಾತ್ರ ಬರೆಯಬೇಡಿ.

‘ಕಿತ್ತುಹಾಕಲಾಯಿತು’ ಎಂಬುದೇ ಎಲ್ಲಕ್ಕಿಂತ ಅಪಾಯದ್ದು. ಪತ್ರಿಕೆಯ ಕನ್ನಡದಲ್ಲಿ ‘ಲಾಯಿತು’ ಕಂಡ ಕೂಡಲೇ ಓದುಗನ ಮನಸ್ಸಿಗೆ ಯಾರೋ ಮನುಷ್ಯರು ಬರುತ್ತಾರೆ: ರಸ್ತೆ ಅಗೆಯಲಾಯಿತು, ಮರ ಕಡಿಯಲಾಯಿತು. 2020ರ ಸೆಪ್ಟೆಂಬರಿನಲ್ಲಿ ಸುದ್ದಿ ಹೊರಬಿದ್ದಾಗ ಮನುಷ್ಯರೇ ಅಗೆದರೋ ಪ್ರಾಣಿಗಳೋ ಎಂಬ ವಿವಾದವೇ ಎದ್ದಿತ್ತು. ಹಾನಿಯಾದ ಬೇರುಗಳಿಂದ ಡಿಎನ್ಎ ತೆಗೆದು ನೋಡಿದಾಗ ನೆಲದಳಿಲಿನ ಗುರುತು ಸಿಕ್ಕಿತು. ಬರದ ವರ್ಷವಾದ್ದರಿಂದ ನೀರಿನಂಶಕ್ಕಾಗಿ ತಾಯಿಬೇರನ್ನೇ ಕಡಿದಿರಬೇಕು ಎಂದು ವಿವರಿಸುತ್ತಾರೆ. ಕನ್ನಡದ ಕ್ರಿಯಾಪದ ಇಲ್ಲಿ ತಾನಾಗಿಯೇ ಪಕ್ಷ ವಹಿಸುತ್ತದೆ. ‘ಅಗೆದಿದ್ದಾರೆ’ ಎಂದರೆ ಆರೋಪ, ‘ಅಗೆದಿವೆ’ ಎಂದರೆ ತೀರ್ಮಾನ. ಪರೀಕ್ಷೆಯ ಫಲ ಬರುವ ಮುಂಚಿನ ಸಂಗತಿ ಬರೆಯುವಾಗ ‘ಗಿಡಗಳು ಬುಡಸಮೇತ ಕಿತ್ತುಹೋಗಿದ್ದವು’ ಎನ್ನಿ, ಅದರಲ್ಲಿ ಯಾರ ಮೇಲೂ ಬೆರಳಿಲ್ಲ. ಆಮೇಲಿನದಕ್ಕೆ ‘ನೆಲದಳಿಲುಗಳು ಅಗೆದು ಬೇರು ತಿಂದಿದ್ದವು’. ‘ಮೇದವು’ ಎನ್ನಬೇಡಿ. ಮೇದ ಗಿಡ ಚಿಗುರುತ್ತದೆ, ತಾಯಿಬೇರು ಕಡಿದ ಗಿಡ ಚಿಗುರುವುದು ಕಷ್ಟ.

ಇನ್ನು ‘ನಿಷೇಧಿತ ವಲಯ’. ಇದರ ಮೂಲ ಇಂಗ್ಲಿಷ್ ಪದ ‘ಕ್ರಿಟಿಕಲ್ ಹ್ಯಾಬಿಟಾಟ್’. ನಮ್ಮಲ್ಲಿ ‘ಕ್ರಿಟಿಕಲ್ ಟೈಗರ್ ಹ್ಯಾಬಿಟಾಟ್’ ಎಂದರೆ ಹುಲಿಗಾಗಿ ಮನುಷ್ಯರ ಹಸ್ತಕ್ಷೇಪವಿಲ್ಲದಂತೆ ಇಡಬೇಕಾದ ಜಾಗ, ನಾವು ಕೋರ್ ಎನ್ನುವುದು. ಅಳಿವಿನಂಚಿನ ಜೀವಿಗಳ ರಕ್ಷಣೆಗೆಂದು ಅಮೆರಿಕ ತಂದ 1973ರ ಕಾಯ್ದೆಯ ‘ಕ್ರಿಟಿಕಲ್ ಹ್ಯಾಬಿಟಾಟ್’ ಹಾಗಲ್ಲ. ಅಲ್ಲಿ ಬೇಲಿಯಿಲ್ಲ, ಪ್ರವೇಶ ನಿಷೇಧವಿಲ್ಲ. ಕೇಂದ್ರದ ಯಾವುದೇ ಇಲಾಖೆ ತಾನು ಮಾಡುವ, ಹಣ ಕೊಡುವ ಅಥವಾ ಅನುಮತಿ ಕೊಡುವ ಕೆಲಸದಿಂದ ಆ ನೆಲೆ ಕೆಡದಂತೆ ನೋಡಿಕೊಳ್ಳಬೇಕು, ಅದಕ್ಕಾಗಿ ಈ ಕಾಯ್ದೆಯನ್ನು ನೋಡಿಕೊಳ್ಳುವ ‘ಮೀನು ಮತ್ತು ವನ್ಯಜೀವಿ ಸೇವೆ’ ಎಂಬ ಸರ್ಕಾರಿ ಸಂಸ್ಥೆಯೊಂದಿಗೆ ಸಮಾಲೋಚಿಸಬೇಕು. ಕಟ್ಟುಪಾಡು ಇರುವುದು ಇಲಾಖೆಯ ಮೇಲೆ. ಇದೇ ಕಾರಣಕ್ಕೆ 2022ರ ಡಿಸೆಂಬರಿನಲ್ಲಿ 910 ಎಕರೆ ಗುರುತಾದ ಮೇಲೂ 2024ರ ಅಕ್ಟೋಬರಿನಲ್ಲಿ ಅಲ್ಲಿನ ಲಿಥಿಯಂ-ಬೋರಾನ್ ಗಣಿಗೆ ಅನುಮತಿ ಸಿಕ್ಕಿತು. ‘ನಿಷೇಧಿತ’ ಎಂದು ಓದಿದವನಿಗೆ ಈ ಮುಂದಿನ ಸಂಗತಿ ಅರ್ಥವೇ ಆಗದು. ‘ಕಾನೂನು ಗುರುತಿಸಿದ ಅತ್ಯಗತ್ಯ ನೆಲೆ’ ಎಂದರೆ ಸಾಕು.

10 ಎಕರೆಯ ಗಿಡಕ್ಕೆ 910 ಎಕರೆ ಏಕೆಂದು ಓದುಗರು ಕೇಳಿಯೇ ಕೇಳುತ್ತಾರೆ. ಗುಂಪುಗಳ ಸುತ್ತ 500 ಮೀಟರ್ ಸೇರಿಸಿದ್ದಾರೆ. ಪರಾಗ ಹೊರುವ ಜೇನು, ಕಣಜ, ನೊಣ, ಜೀರುಂಡೆಗಳು ಗೂಡು ಕಟ್ಟುವುದೂ ಬೇರೆ ಹೂವಿಗೆ ಹೋಗುವುದೂ ಆ ಸುತ್ತಿನಲ್ಲಿ. ಅವು ಬಾರದಿದ್ದರೆ ಹೂವಿದ್ದರೂ ಕಾಳು ಕಟ್ಟುವುದು ಕಡಿಮೆಯಾಗುತ್ತದೆ.

ಉತ್ತರ 2:

ಮೇಲಿನದು ಸರಿ, ‘ಅತ್ಯಗತ್ಯ ನೆಲೆ’ ಮಾತ್ರ ನನಗೆ ಸಪ್ಪೆಯೆನಿಸುತ್ತದೆ. ‘ಉಳಿವಿನ ನೆಲೆ’ ಆಗಬಹುದು.

‘ಬೀಜ ಬ್ಯಾಂಕ್’ ಬಗ್ಗೆ. ನಮ್ಮ ಹಳ್ಳಿಗಳ ಬೀಜ ಬ್ಯಾಂಕಿನಲ್ಲಿ ರೈತರು ರಾಗಿ, ಭತ್ತದ ಬೀಜ ಒಯ್ದು ಬೆಳೆದು ಹಿಂದಿರುಗಿಸುತ್ತಾರೆ. ಅಳಿವಿನಂಚಿನ ಕಾಡುಗಿಡದ ಸಂಗ್ರಹದಲ್ಲಿ ಅಂಥ ಕೊಡುಕೊಳ್ಳುವಿಕೆ ಇಲ್ಲ, ‘ಬೀಜಭಂಡಾರ’ ಎನ್ನಿ. ಇಂಗ್ಲಿಷಿನಲ್ಲಿ ಮಣ್ಣಿನಲ್ಲೇ ಮೊಳೆಯದೆ ಉಳಿದ ಬೀಜಗಳಿಗೂ ಇದೇ ಹೆಸರು. ಅದಕ್ಕೆ ‘ಮಣ್ಣಿನಲ್ಲುಳಿದ ಬೀಜ’ ಎಂದು ಬೇರೆಯಾಗಿ ಬರೆಯಿರಿ. ಎರಡನ್ನೂ ಬೆರೆಸಿದರೆ, ಮೇಲ್ಮಣ್ಣು ತೆಗೆದಾಗ ಬೀಜವೂ ಹೋಯಿತೆಂಬ ಮಾತು ಅಸಂಬದ್ಧವಾಗಿ ಕಾಣುತ್ತದೆ.

ಬೀಜ ಕೂಡಿಡುವ ಕ್ರಮ ಬರೆಯುವಾಗಲೂ ನಮ್ಮ ಒಕ್ಕಲುತನದ ಮಾತು ದಾರಿ ತಪ್ಪಿಸಬಹುದು. ಅಪರೂಪದ ಗಿಡದಿಂದ ಒಂದು ಹಂಗಾಮಿನಲ್ಲಿ ಸಾಮಾನ್ಯವಾಗಿ ಶೇ 10ಕ್ಕಿಂತ ಹೆಚ್ಚು ಬೀಜ ತೆಗೆಯುವುದಿಲ್ಲ. ಎಲ್ಲವನ್ನೂ ‘ರಾಶಿ’ ಮಾಡುವುದೂ ಇಲ್ಲ, ಒಂದೊಂದು ತಾಯಿಗಿಡದ್ದು ಒಂದೊಂದು ಕಾಗದದ ಲಕೋಟೆಯಲ್ಲಿ. ರಾಶಿ ಹಾಕಿದರೆ ಹೆಚ್ಚು ಬಿಟ್ಟ ನಾಲ್ಕಾರು ಗಿಡಗಳ ಬೀಜವೇ ಮುಂದಿನ ಸಸಿಗಳಲ್ಲಿ ತುಂಬಿಕೊಂಡು ವೈವಿಧ್ಯ ಕುಗ್ಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವತು ಬೂಸ್ಟು ಹಿಡಿಯುತ್ತದೆ. ‘ಬಿಸಿಲಿಗೆ ಹಾಕು’ ಎಂದೂ ಬರೆಯಬೇಡಿ: ಭಂಡಾರಗಳಲ್ಲಿ 5ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಶೇ 10ರಿಂದ 25 ಆರ್ದ್ರತೆಯಲ್ಲಿ ನಿಧಾನ ಒಣಗಿಸಿ, ಗಾಳಿ ಹೋಗದಂತೆ ಮುಚ್ಚಿ, ಮೈನಸ್ 18ರ ಆಸುಪಾಸಿನಲ್ಲಿ ಇಡುತ್ತಾರೆ.

‘ಸ್ಟ್ರ್ಯಾಟಿಫಿಕೇಶನ್’ಗೆ ನಿಘಂಟಿನಂತೆ ‘ಸ್ತರೀಕರಣ’ ಎಂದರೆ ಯಾರಿಗೂ ತಿಳಿಯದು. ಎರಿಯೋಗೋನಮ್‌ನ ಹಲವು ಜಾತಿಗಳ ಬೀಜಕ್ಕೆ ಮೊಳೆಯುವ ಮುಂಚೆ ಕೆಲವು ವಾರ ಒದ್ದೆ ತಂಪು ಬೇಕು. ‘ತಂಪುಪಚಾರ’ ಎನ್ನಬಹುದು. ‘ನೆನೆಹಾಕು’ ಆಗದು; ನೀರಲ್ಲಿ ಮುಳುಗಿಸಿದರೆ ಗಾಳಿಯಾಡದೆ ಕೊಳೆಯುತ್ತದೆ. ತೇವದ ಮರಳಿನಲ್ಲಿಡುವುದು ಕ್ರಮ.

ಕೊನೆಯದಾಗಿ, ‘ನಾಟಿ’ ಮತ್ತು ‘ಸ್ಥಳಾಂತರ’ ಒಂದೇ ಅಲ್ಲ. ಬೀಜದಿಂದ ಎಬ್ಬಿಸಿದ ಸಸಿ ನೆಡುವುದು ನಾಟಿ. ಬಲಿತ ಗಿಡವನ್ನು ಅಗೆದು ಇನ್ನೊಂದೆಡೆ ಇಡುವುದು ಸ್ಥಳಾಂತರ. ಅದರಲ್ಲಿ ತಾಯಿಬೇರು ತುಂಡಾಗುವ ಅಪಾಯ ಹೆಚ್ಚು. ಎರಡರಲ್ಲೂ ಆ ಬೋರಾನ್ ಮಣ್ಣೇ ಬೇಕೆಂಬ ಹಟ ಗಿಡದ್ದು, ಆದ್ದರಿಂದ ಲೇಖನದಲ್ಲಿ ‘ಬೇರೆಡೆ ನೆಟ್ಟರಾಯಿತು’ ಎಂಬ ಧಾಟಿ ಎಲ್ಲೂ ಬಾರದಂತೆ ನೋಡಿಕೊಳ್ಳಿ.