ಕಂಪ್ಯೂಟರಿಗೆ ವೈರಸ್ ಬಂದಿದೆ ಎನ್ನುವ ಸುಳ್ಳು ಕರೆಗಳು: ಅನುಭವ ಇದ್ದವರು ತಿಳಿಸಿರಿ

ಪ್ರಶ್ನೆ (ಗದಗ)

ನಮ್ಮ ತಂದೆಯವರು ನಿವೃತ್ತ ಶಿಕ್ಷಕರು. ಲ್ಯಾಪ್‌ಟಾಪಿನಲ್ಲಿ ಸುದ್ದಿ ಓದುತ್ತಿದ್ದಾಗ ಪರದೆಯ ತುಂಬ ಎಚ್ಚರಿಕೆಯೊಂದು ಬಂದು, ಜೋರಾಗಿ ಸದ್ದು ಮಾಡತೊಡಗಿತು. ಅದರಲ್ಲಿದ್ದ ನಂಬರಿಗೆ ಅವರು ಫೋನ್ ಮಾಡಿದರು. ಮೈಕ್ರೋಸಾಫ್ಟಿನವನೆಂದು ಹೇಳಿಕೊಂಡ ವ್ಯಕ್ತಿ ದೂರದಿಂದಲೇ ಬೇರೆಯವರ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಎಂಬ ಪ್ರೋಗ್ರಾಂ ಹಾಕಿಸಿ, ಏನೇನೋ ದೋಷಗಳನ್ನು ತೋರಿಸಿ, ದುರಸ್ತಿಗೆ ಹಣ ಕೇಳಿದ. ಅಷ್ಟರಲ್ಲಿ ನನ್ನ ತಂಗಿ ಬಂದು ಕರೆಯನ್ನು ಕಟ್ ಮಾಡಿದಳು. ಈಗಲೂ ಬೇರೆ ಬೇರೆ ನಂಬರುಗಳಿಂದ ಕರೆ ಬರುತ್ತಿವೆ, ತಂದೆಯವರು ಲ್ಯಾಪ್‌ಟಾಪ್ ಮುಟ್ಟಲೂ ಹೆದರುತ್ತಿದ್ದಾರೆ. ಮುಂದೆ ಏನು ಮಾಡಬೇಕು?

ಉತ್ತರ (ಹುಬ್ಬಳ್ಳಿ, ಕಂಪ್ಯೂಟರ್ ರಿಪೇರಿ ಅಂಗಡಿಯವರು)

ಕೊಪ್ಪಿಕರ ರಸ್ತೆಯ ಸಮೀಪದ ನಮ್ಮ ಅಂಗಡಿಗೆ ಇದೇ ತೊಂದರೆ ಹೇಳಿಕೊಂಡು ಹಿರಿಯರು ಮೇಲಿಂದ ಮೇಲೆ ಬರುತ್ತಾರೆ. ಪರದೆ ತುಂಬಿದ ಆ ಎಚ್ಚರಿಕೆ ಬರೀ ಒಂದು ವೆಬ್ ಪುಟ. ಬಹಳ ಸಲ ಅದು ಜಾಹೀರಾತಿನ ಮೂಲಕ ತೆರೆದುಕೊಂಡಿರುತ್ತದೆ ಎಂಬುದನ್ನು ಮೊದಲು ತಂದೆಯವರಿಗೆ ತಿಳಿಸಿರಿ. ಮೈಕ್ರೋಸಾಫ್ಟ್ ತನ್ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ, ತಾನಾಗಿ ಕರೆ ಮಾಡಿ ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ ಎಂದು ಹೇಳುವುದೂ ಇಲ್ಲ. ಇನ್ನೊಮ್ಮೆ ಅಂಥ ಪುಟ ಬಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು, ಪರದೆ ಚಿಕ್ಕದಾದ ಕೂಡಲೇ ಬ್ರೌಸರ್ ಮುಚ್ಚಬೇಕು. ಅದಕ್ಕೂ ಜಗ್ಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನೇ ಆರಿಸಬಹುದು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತೆರೆಯಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಬೇಕು.

ಅವರು ತೋರಿಸುವ ದೋಷಗಳ ವಿಷಯಕ್ಕೆ ಬಂದರೆ, ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿ ಇದೆ. ಎಷ್ಟೇ ಆರೋಗ್ಯವಾಗಿರುವ ಯಂತ್ರದಲ್ಲಿಯೂ ಅದರೊಳಗೆ ಕೆಂಪು, ಹಳದಿ ಗುರುತುಗಳು ಸಾಲುಸಾಲಾಗಿ ಕಾಣುತ್ತವೆ. ವಂಚಕರು ಅವನ್ನೇ ವೈರಸ್ ಎಂದು ತೋರಿಸುತ್ತಾರೆ. ಇನ್ನೊಂದು ಹಳೆಯ ತಂತ್ರವೆಂದರೆ, ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆಸಿ, ಎ-ಎಸ್-ಎಸ್-ಒ-ಸಿ ಎಂದು ಟೈಪ್ ಮಾಡಿಸಿ, ಕೊನೆಯಲ್ಲಿ ಕಾಣುವ 888ಡಿಸಿಎ60 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯನ್ನು ತಾವೇ ಓದಿ ಹೇಳಿ, ಇದು ನಿಮ್ಮ ಕಂಪ್ಯೂಟರಿನ ಗುರುತು, ನಮ್ಮ ದಾಖಲೆಯಲ್ಲಿಯೂ ಇದೇ ಇದೆ ಎಂದು ನಂಬಿಸುವುದು. ಆ ಸಂಖ್ಯೆ ವಿಂಡೋಸ್ ಇರುವ ಎಲ್ಲ ಯಂತ್ರಗಳಲ್ಲಿಯೂ ಒಂದೇ ಇರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನೇ ತೆಗೆದು ತೋರಿಸಿದಾಗ ಹಿರಿಯರ ಅರ್ಧ ಭಯ ಅಲ್ಲಿಯೇ ಇಳಿಯುವುದನ್ನು ಕಂಡಿದ್ದೇನೆ. ನೀವೂ ನಿಮ್ಮ ಯಂತ್ರದಲ್ಲಿ ಇದನ್ನು ಮಾಡಿ ತಂದೆಯವರಿಗೆ ತೋರಿಸಿರಿ.

ಆದರೆ ಎನಿಡೆಸ್ಕ್ ಮೂಲಕ ಆ ವ್ಯಕ್ತಿ ಒಳಗೆ ಬಂದಿದ್ದನೆಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಂಟರ್‌ನೆಟ್ ಸಂಪರ್ಕ ಕಡಿದು, ಎನಿಡೆಸ್ಕನ್ನು ತೆಗೆದುಹಾಕಿ, ಅದೇ ದಿನಾಂಕದಂದು ಬೇರೆ ಯಾವ ಪ್ರೋಗ್ರಾಂ ಸೇರಿಕೊಂಡಿದೆ ಎಂದು ಪಟ್ಟಿಯಲ್ಲಿ ನೋಡಿರಿ, ಏಕೆಂದರೆ ಒಂದು ಬಾಗಿಲು ಮುಚ್ಚಿದರೂ ಇರಲಿ ಎಂದು ಎರಡನೆಯದನ್ನು ಇಟ್ಟು ಹೋಗುವುದು ಇವರ ರೂಢಿ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಿರಿ. ಅನುಮಾನ ಉಳಿದರೆ ಫೋಟೊ, ಕಾಗದಪತ್ರಗಳನ್ನು ತೆಗೆದಿಟ್ಟುಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸುವುದು ಒಳ್ಳೆಯದು. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಉತ್ತರ (ಧಾರವಾಡ, ನಿವೃತ್ತ ಬ್ಯಾಂಕ್ ನೌಕರರು)

ಹಣ ಕೊಟ್ಟಿಲ್ಲವೆಂದು ಸುಮ್ಮನಿರಬೇಡಿರಿ, ಪಾಸ್‌ಬುಕ್ ತುಂಬಿಸಿಕೊಂಡು ಬಂದು ಪ್ರತಿಯೊಂದು ನಮೂದನ್ನೂ ನೋಡಿರಿ. ಎನಿಡೆಸ್ಕಿನ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಓದುವವರಲ್ಲಿ ಯಾರದಾದರೂ ಹಣ ಹೋಗಿದ್ದರೆ, ಮನೆಯವರಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಕೂಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ದಾಖಲಾದರೆ, ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಿಗಿಯುವ ಮೊದಲೇ ಅದನ್ನು ತಡೆಹಿಡಿಯಲು ಅವಕಾಶ ಇರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದ ವಂಚನೆಯನ್ನು ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆ ಇಲ್ಲ ಎಂದಿತು. ಆದರೆ ಓಟಿಪಿಯನ್ನು ತಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದೇ, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದೂ ಅದರಲ್ಲಿತ್ತು. ಹೀಗಿರುವಾಗ ತಡಮಾಡಿದ ಪ್ರತಿಯೊಂದು ಗಂಟೆಯೂ ನಮಗೇ ಹೊರೆ. ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸ್ ದೂರಿಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ಕರೆ ಬಂದ ನಂಬರು, ಸಮಯ, ಪರದೆಯ ಫೋಟೊ ಯಾವುದನ್ನೂ ಅಳಿಸಬೇಡಿರಿ.

ಉತ್ತರ (ಹಾವೇರಿ, ಗೃಹಿಣಿ)

ನಮ್ಮ ಮಾವನವರಿಗೂ ಹೀಗೆಯೇ ಆಗಿತ್ತು, ಹಣವೂ ಹೋಗಿತ್ತು. ಅವರನ್ನು ಯಾರೂ ಬೈಯಬಾರದೆಂದು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡೆವು. ಬೈದಿದ್ದರೆ ಮುಂದಿನ ಕರೆಯ ವಿಷಯವನ್ನು ಅವರು ನಮ್ಮಿಂದ ಮುಚ್ಚಿಡುತ್ತಿದ್ದರು. ಮುಂದಿನ ಕರೆ ಬಂದೇ ಬಂತು: ಸೈಬರ್ ಇಲಾಖೆಯಿಂದ ಮಾತಾಡುತ್ತಿದ್ದೇವೆ, ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿರಿ ಎಂದರು. ಮಾವನವರು "ಮಗ ಬರ್ಲಿ, ಅವನ ಮುಂದ ಮಾತಾಡ್ರಿ" ಎಂದು ಫೋನ್ ಇಟ್ಟುಬಿಟ್ಟರು. ನಿಮ್ಮ ತಂದೆಯವರಿಗೂ ಹಣ ವಾಪಸ್ ಕೊಡಿಸುವ ಹೆಸರಿನಲ್ಲಿ ಅಥವಾ ಇನ್ನಾವುದೋ ನೆಪದಲ್ಲಿ ಕರೆ ಬರಬಹುದು, ಏಕೆಂದರೆ ಒಮ್ಮೆ ಉತ್ತರಿಸಿದವರ ನಂಬರನ್ನು ಇವರು ಬಿಡುವುದಿಲ್ಲ. ಅಂಥ ನಂಬರುಗಳನ್ನು ಬ್ಲಾಕ್ ಮಾಡುವುದರ ಜೊತೆಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ, ಅನುಮಾನದ ಕರೆಗಳನ್ನು ತಿಳಿಸಲೆಂದೇ ಇರುವ ಚಕ್ಷು ವಿಭಾಗದಲ್ಲಿಯೂ ವರದಿ ಮಾಡಿರಿ.